ದಕ್ಷಿಣ ಟೂಸಾನ್‌ನ ಟೋರ್ಟಿಯಾ ಅಂಗಡಿ: ರುಚಿ ನನ್ನದು, ತಕರಾರು ಮರಿಸೋಲಳದು

ಅಂಗಡಿಯ ಹೆಸರು ಬರೆಯುವುದಿಲ್ಲ. ಅದು ನನ್ನ ಜೊತೆ ಓದುವ ಗೆಳತಿ ಮರಿಸೋಲ್ ಹಾಕಿದ ಷರತ್ತು. ಹೆಸರು ಹಾಕಿದರೆ ಶನಿವಾರದ ಸಾಲು ಇನ್ನೂ ಉದ್ದವಾಗುತ್ತದೆ, ಆಮೇಲೆ ಬೆಲೆ ಏರುತ್ತದೆ, ಆಮೇಲೆ ಗೋಡೆಗೆ ಪಾಪಾಸುಕಳ್ಳಿಯ ಚಿತ್ರ ಬರೆಸುತ್ತಾರೆ, ಕೊನೆಗೆ ನಮ್ಮಂಥ ಸ್ಟೈಪೆಂಡ್ ಗಿರಾಕಿಗಳಿಗೇ ಅಲ್ಲಿ ಜಾಗ ಇರುವುದಿಲ್ಲ ಅನ್ನುವುದು ಅವಳ ಲೆಕ್ಕ. ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸಿತು. ಆದರೆ ಅಂಗಡಿ ತೋರಿಸಿದವಳು ಅವಳು, ಒಪ್ಪಿಕೊಂಡೆ. ಗುರುತು ಇಷ್ಟೇ: ಅಮೆರಿಕದ ಅರಿಜೋನಾ ರಾಜ್ಯ, ಟೂಸಾನ್ ಊರಿನ ದಕ್ಷಿಣ ಭಾಗ, ಸೌತ್ ಟ್ವೆಲ್ತ್ ಅವೆನ್ಯೂದ ಆಸುಪಾಸು. ಬೆಳಿಗ್ಗೆ ಆ ಕಡೆ ಹೋದವರಿಗೆ ಮೂಗೇ ದಾರಿ ತೋರಿಸುತ್ತದೆ.

ನಾನು ಸಸ್ಯಾಹಾರಿ, ಮೊಟ್ಟೆ ತಿನ್ನುತ್ತೇನೆ. ಮರಿಸೋಲ್ ಎಲ್ಲವನ್ನೂ ತಿನ್ನುತ್ತಾಳೆ. ಹಾಗಾಗಿ ಇಲ್ಲಿ ಮಾಂಸದ ಬಗ್ಗೆ ಏನು ಬಂದರೂ ಅದು ಅವಳ ಮಾತು. ಉಳಿದದ್ದರಲ್ಲೂ ಅರ್ಧ ಅವಳದೇ, ಯಾಕೆಂದರೆ ಅವಳ ಪಕ್ಕದಲ್ಲಿ ಕೂತು ಊಟ ಮಾಡಿದರೆ ಅಭಿಪ್ರಾಯ ಉಚಿತವಾಗಿ ಬರುತ್ತದೆ.

ನನ್ನ ಹಾಗೇ ಅವಳೂ ಅಂತರ್ಜಲದ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಹುಟ್ಟಿದ್ದು ನೊಗಾಲೆಸ್‌ನಲ್ಲಿ, ಗಡಿಯ ಈ ಬದಿಗೆ. ಬೇಲಿಯ ಆ ಬದಿಗೂ ನೊಗಾಲೆಸ್ ಅಂತಲೇ ಊರಿದೆ, ಅದು ಮೆಕ್ಸಿಕೋದ ಸೊನೋರಾ ರಾಜ್ಯಕ್ಕೆ ಸೇರಿದ್ದು. ಅಜ್ಜಿ, ಸೋದರಮಾವಂದಿರು ಎಲ್ಲ ಆ ಕಡೆ. ಟೂಸಾನ್‌ನಿಂದ ನೊಗಾಲೆಸ್‌ಗೆ ಹೋಗುವ ಐ-19 ಹೆದ್ದಾರಿಯ ಫಲಕಗಳಲ್ಲಿ ದೂರವನ್ನು ಮೈಲಿ ಬಿಟ್ಟು ಕಿಲೋಮೀಟರಿನಲ್ಲಿ ಬರೆದಿದ್ದಾರೆ. ಅಮೆರಿಕದ ಬೇರೆ ದೊಡ್ಡ ಹೆದ್ದಾರಿಗಳಲ್ಲಿ ಹೀಗಿಲ್ಲ. "ನಮ್ಮ ಕಡೆ ರಸ್ತೆಗೇ ಗೊತ್ತಿಲ್ಲ, ತಾನು ಯಾವ ದೇಶದ್ದು ಅಂತ" ಎನ್ನುತ್ತಾಳೆ.

ಮೊದಲು ಟೋರ್ಟಿಯಾ, ಅಂದರೆ ಮೆಕ್ಸಿಕೋದ ರೊಟ್ಟಿ. ಅಂಗಡಿ ನಿಂತಿರುವುದೇ ಅದರ ಮೇಲೆ. ಮೆಕ್ಸಿಕೋ ಅಡುಗೆ ಅಂದರೆ ಮೆಕ್ಕೆಜೋಳ ಅಂತ ನಾನು ಅಂದುಕೊಂಡಿದ್ದೆ. ಇಲ್ಲಿ ಗೋಧಿಯದೇ ರಾಜ್ಯ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಫಾದರ್ ಕಿನೋ ಎಂಬ ಜೆಸ್ವಿಟ್ ಪಾದ್ರಿ ಈ ಸೀಮೆಗೆ ಬಂದರು. ಟೂಸಾನ್ ಪಕ್ಕದ ಸಾನ್ ಹಾವಿಯೇರ್ ಮಿಷನ್ 1692ರಲ್ಲಿ ಶುರುವಾದದ್ದು ಅವರಿಂದಲೇ. ಧರ್ಮದ ಜೊತೆ ಗೋಧಿ ಬೀಜವೂ ಬಂತು, ದನಗಳೂ ಬಂದವು. ಮೆಕ್ಕೆಜೋಳ ಬೆಳೆಯದ ಚಳಿಗಾಲದಲ್ಲಿ ಗೋಧಿ ಬೆಳೆಯುತ್ತದೆ. ಇಲ್ಲಿನ ಮೂಲನಿವಾಸಿಗಳಾದ ಓಓಧಾಮ್ ಜನ ಅದನ್ನು ಬಿಡದೆ ಹಿಡಿದುಕೊಂಡರು. ಇವತ್ತು ಸೊನೋರಾದ ಮನೆಗಳಲ್ಲಿ ಊಟ ಅಂದರೆ ಗೋಧಿ ಟೋರ್ಟಿಯಾ.

ಕೌಂಟರಿನ ಹಿಂದೆ ಗಾಜಿನ ಗೋಡೆ ಇದೆ. ಅದರಾಚೆ ಮೂರ್ನಾಲ್ಕು ಹೆಂಗಸರು ಬೆಳಗಿನ ಜಾವದಿಂದ ನಿಂತೇ ಕೆಲಸ ಮಾಡುತ್ತಾರೆ. ಹಿಟ್ಟು, ಉಪ್ಪು, ಕೊಬ್ಬು, ಬೆಚ್ಚನೆಯ ನೀರು, ಅಷ್ಟೇ. ಉಂಡೆಯನ್ನು ಅಂಗೈ ಅಗಲ ತಟ್ಟುತ್ತಾರೆ. ಆಮೇಲೆ ಒಂದು ಕೈಯಿಂದ ಇನ್ನೊಂದು ಕೈಗೆ ಎಸೆಯುತ್ತಾ, ತಿರುಗಿಸುತ್ತಾ, ಮೊಣಕೈವರೆಗೂ ಬರುವಷ್ಟು ಹಿಗ್ಗಿಸುತ್ತಾರೆ. ಲಟ್ಟಣಿಗೆ ಇಲ್ಲ. ತೆಳು ಪಂಚೆಯ ಹಾಗೆ ಅದರಾಚೆಯ ಬೆಳಕು ಕಾಣುತ್ತದೆ. ಬೋರಲು ಹಾಕಿದ ದೊಡ್ಡ ಬಾಣಲೆಯಂಥ ಕಾವಲಿಯ ಮೇಲೆ ಹಾಸಿದರೆ ನಿಮಿಷ ಕೂಡ ಬೇಕಾಗುವುದಿಲ್ಲ, ಗುಳ್ಳೆ ಎದ್ದು ಅಲ್ಲಲ್ಲಿ ಕಂದು ಚುಕ್ಕೆ ಬೀಳುತ್ತದೆ. ಇದಕ್ಕೆ ಸೊಬಾಕೇರಾ ಅನ್ನುತ್ತಾರೆ. ನಾಲ್ಕು ಮಡಿಕೆ ಹಾಕಿ ಪ್ಲಾಸ್ಟಿಕ್ ಚೀಲದಲ್ಲಿ ಬಿಸಿಬಿಸಿಯಾಗಿ ಕೊಡುತ್ತಾರೆ. ಚಿಕ್ಕ ಅಳತೆಯ ದಪ್ಪ ಟೋರ್ಟಿಯಾ ಬೇರೆ ಇದೆ. ಅದು ಅಗ್ಗ, ಹೊಟ್ಟೆಯೂ ತುಂಬುತ್ತದೆ.

ಮರಿಸೋಲಳ ಪರೀಕ್ಷೆ ಕಠಿಣ. ಚೀಲ ಕೈಗೆ ಬಂದ ತಕ್ಷಣ, ಪಾರ್ಕಿಂಗ್‌ನಲ್ಲೇ ನಿಂತು ಒಂದನ್ನು ಹಾಗೇ ತಿನ್ನಬೇಕು. ಬೆಣ್ಣೆ ಇಲ್ಲ, ಹುರುಳಿ (ನಮ್ಮ ಹುರುಳಿಕಾಳಲ್ಲ, ಇಲ್ಲಿನ ಪಿಂಟೋ ಬೀನ್ಸ್ ಕಾಳು) ಇಲ್ಲ, ಸಾಲ್ಸಾ ಚಟ್ನಿ ಇಲ್ಲ. ಬರಿದೇ ತಿಂದಾಗ ರುಚಿ ಇಲ್ಲದಿದ್ದರೆ ಅದು ಟೋರ್ಟಿಯಾ ಅಲ್ಲ, ಪೊಟ್ಟಣ ಕಟ್ಟುವ ಕಾಗದ ಎನ್ನುತ್ತಾಳೆ. ಎರಡನೆಯ ಪರೀಕ್ಷೆ ಮರುದಿನ. ಗ್ಯಾಸ್ ಉರಿಯ ಮೇಲೆ ನೇರವಾಗಿ ಇಟ್ಟು ಬಿಸಿ ಮಾಡಿದಾಗ ಮೆತ್ತಗಾಗಬೇಕು, ಮುರಿಯಬಾರದು. ಮೈಕ್ರೋವೇವ್‌ನಲ್ಲಿ ಇಡುವುದನ್ನು ಅವಳು ಒಪ್ಪುವುದೇ ಇಲ್ಲ. ಅವಳ ಹಳೆಯ ರೂಮ್‌ಮೇಟ್ ಒಬ್ಬಳು ಫ್ರಿಜ್‌ನಿಂದ ತೆಗೆದು ತಣ್ಣಗೇ ತಿನ್ನುತ್ತಿದ್ದಳಂತೆ. ಬಾಡಿಗೆ ಬಾಕಿ ಉಳಿಸಿದ್ದನ್ನು ಮರಿಸೋಲ್ ಕ್ಷಮಿಸಿದ್ದಾಳೆ, ಇದನ್ನು ಕ್ಷಮಿಸಿಲ್ಲ.

ಈ ಅಂಗಡಿಯ ಟೋರ್ಟಿಯಾ ಎರಡೂ ಪರೀಕ್ಷೆಯಲ್ಲಿ ಪಾಸು. ನನಗೆ ಮೊದಲನೆಯದಕ್ಕಿಂತ ಎರಡನೆಯದು ಮುಖ್ಯ. ಥೀಸಿಸ್ ಬರೆಯುವ ವಾರಗಳಲ್ಲಿ ಮರುದಿನದ ಊಟವೇ ನಿಜವಾದ ಊಟ ಅಲ್ವಾ.

ಈಗ ಸಸ್ಯಾಹಾರಿಗಳು ಗಮನ ಇಟ್ಟು ಓದಬೇಕಾದ ವಿಷಯ. ಮೇಲೆ ಕೊಬ್ಬು ಅಂದೆನಲ್ಲ, ಅದು ಹೆಚ್ಚಿನ ಕಡೆ ಮಾಂತೇಕಾ, ಅಂದರೆ ಹಂದಿಯ ಕೊಬ್ಬು. ಟೋರ್ಟಿಯಾದಲ್ಲಿ ಇರಬಹುದು. ಅರೆದು ಹುರಿದ ಪಿಂಟೋ ಹುರುಳಿಯಲ್ಲಿ ಇರಬಹುದು. ತಮಾಲೆಯ (ಮೆಕ್ಕೆಜೋಳದ ಹಿಟ್ಟನ್ನು ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಕಡುಬು) ಹಿಟ್ಟಿನಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಕೆಂಪಗೆ ಚೆನ್ನಾಗಿ ಕಾಣುವ ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸಿರುತ್ತಾರೆ, ಇಲ್ಲವೇ ಕೋಳಿಯ ಪುಡಿ ಹಾಕಿರುತ್ತಾರೆ. "ಮಾಂಸ ಬೇಡ" ಅಂದರೆ ಸಾಲದು, ಯಾಕೆಂದರೆ ಕೊಬ್ಬನ್ನು ಯಾರೂ ಮಾಂಸ ಅಂತ ಲೆಕ್ಕ ಹಾಕುವುದಿಲ್ಲ. "ಸಿನ್ ಮಾಂತೇಕಾ", ಅಂದರೆ ಮಾಂತೇಕಾ ಇಲ್ಲದ್ದು, ಅಂತ ಕೇಳಬೇಕು. ಪ್ಯಾಕೆಟ್ ಮೇಲೆ "ಮಾಂತೇಕಾ ವೆಹೆತಾಲ್" ಎಂದಿದ್ದರೆ ಅದು ಗಿಡದ ಎಣ್ಣೆಯಿಂದ ಮಾಡಿದ್ದು, ತೊಂದರೆ ಇಲ್ಲ.

ಈ ಅಂಗಡಿಯ ದೊಡ್ಡ ಗುಣ ಇಲ್ಲೇ ಇದೆ. ಎರಡೂ ಬಗೆಯ ಟೋರ್ಟಿಯಾ ಮಾಡುತ್ತಾರೆ, ಬೇರೆ ಬೇರೆ ಬುಟ್ಟಿಯಲ್ಲಿ ಇಡುತ್ತಾರೆ, ಕೇಳಿದರೆ ಮುಖ ಗಂಟು ಹಾಕಿಕೊಳ್ಳದೆ ಹೇಳುತ್ತಾರೆ. ಹುರುಳಿಯನ್ನು ಎಣ್ಣೆಯಲ್ಲೇ ಮಾಡುತ್ತಾರೆ. ಇದು ಮರಿಸೋಲ್‌ಗೆ ಇಷ್ಟವಿಲ್ಲ. ಮಾಂತೇಕಾ ಇಲ್ಲದ ಹುರುಳಿ ಆಸ್ಪತ್ರೆ ಊಟ ಅನ್ನುತ್ತಾಳೆ. ನಾನು ಒಪ್ಪುವುದಿಲ್ಲ. ಇಲ್ಲಿ ಹುರುಳಿಯ ಮೇಲೆ ಚಿಲ್ತೆಪೀನ್ ಉದುರಿಸಿಕೊಳ್ಳಬಹುದು. ಅದು ಗುಡ್ಡಗಾಡಿನಲ್ಲಿ ತಾನಾಗೇ ಬೆಳೆಯುವ ಕಾಡು ಮೆಣಸಿನಕಾಯಿ, ಕಾಳಿನಷ್ಟು ಚಿಕ್ಕದು, ದುಂಡಗೆ. ಕೈಯಿಂದ ಒಂದೊಂದೇ ಕೀಳಬೇಕಾದ್ದರಿಂದ ಬೆಲೆ ಜಾಸ್ತಿ. ಖಾರ ಥಟ್ಟನೆ ಏರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಅದು ಬಿದ್ದ ಮೇಲೆ ಯಾವ ಕೊಬ್ಬಿನ ನೆನಪೂ ಬರುವುದಿಲ್ಲ.

ಕೂತು ತಿನ್ನುವುದಾದರೆ ಹುರುಳಿ-ಚೀಸ್ ಬುರ್ರೋ ತೆಗೆದುಕೊಳ್ಳಿ. ಟೋರ್ಟಿಯಾದೊಳಗೆ ಹೂರಣ ಸುತ್ತಿದ ಬುರ್ರಿಟೋಗೆ ಟೂಸಾನ್‌ನಲ್ಲಿ ಬುರ್ರೋ, ಅಂದರೆ ಕತ್ತೆ, ಅಂತಲೇ ಹೇಳುವುದು, ಗಾತ್ರವೂ ಹೆಸರಿಗೆ ತಕ್ಕಂತೆ. ಕಲಬಸೀತಾಸ್ ಕೂಡ ಚೆನ್ನಾಗಿದೆ: ಎಳೆ ಕುಂಬಳದ ಜಾತಿಯ ತರಕಾರಿ, ಮೆಕ್ಕೆಜೋಳದ ಕಾಳು, ಹಸಿರು ಮೆಣಸಿನಕಾಯಿ, ಮೇಲೆ ಚೀಸ್. ನೊಪಾಲೆಸ್ ಅಂದರೆ ಮುಳ್ಳು ತೆಗೆದ ಪಾಪಾಸುಕಳ್ಳಿ. ಲೋಳೆ ಇಷ್ಟವಿಲ್ಲದವರು ದೂರ ಇರಿ. ಬೆಂಡೆಕಾಯಿಗೇ ಮೂಗು ಮುರಿಯುವವರಿಗೆ ಇದು ಖಂಡಿತ ಅಲ್ಲ.

ಚೀಸ್ ಕ್ರಿಸ್ಪ್ ಅನ್ನುವುದನ್ನು ಮಾತ್ರ ಬಿಡಬೇಡಿ. ದೊಡ್ಡ ಗೋಧಿ ಟೋರ್ಟಿಯಾವನ್ನು ಮಡಿಸದೆ ಅಗಲವಾಗಿಯೇ ಇಟ್ಟು, ಮೇಲೆ ಚೀಸ್ ಹರಡಿ, ಗರಿಗರಿ ಆಗುವ ತನಕ ಕಾಯಿಸುತ್ತಾರೆ. ಹಸಿರು ಮೆಣಸಿನಕಾಯಿ ಹಾಕಿ ಅಂತ ಹೇಳಬೇಕು. ಇದು ಅರಿಜೋನಾದ ತಿಂಡಿ. ಗಡಿ ದಾಟಿ ದಕ್ಷಿಣಕ್ಕೆ ಹೋಗಿ ಕೇಳಿದರೆ ಏನದು ಅಂತಾರೆ.

ಇಲ್ಲಿಂದ ಮರಿಸೋಲಳ ಭಾಷಣ ಶುರು. ಲ್ಯಾಬಿನಲ್ಲಿ ಕಂಪ್ಯೂಟರ್ ಮಾಡೆಲ್ ಓಡುತ್ತಿರುವಾಗ ಅವಳು ಈ ಅಂಗಡಿಗೆ ಜನ ಕೊಟ್ಟ ಸ್ಟಾರ್‌ಗಳನ್ನು ಜೋರಾಗಿ ಓದುತ್ತಾಳೆ. ಒಬ್ಬರು ಒಂದೇ ಸ್ಟಾರ್ ಕೊಟ್ಟಿದ್ದರು: ಇದು ಅಸಲಿ ಮೆಕ್ಸಿಕನ್ ಅಲ್ಲ, ಅಸಲಿ ಆಗಿದ್ದರೆ ಮೆಕ್ಕೆಜೋಳದ ಟೋರ್ಟಿಯಾ ಇರಬೇಕಿತ್ತು ಅಂತ. ಇನ್ನೊಬ್ಬರಿಗೆ ಉಚಿತ ಚಿಪ್ಸ್ ಕೊಡಲಿಲ್ಲ ಅಂತ ಕೋಪ. ಮೂರನೆಯವರು ಐದು ಸ್ಟಾರ್ ಕೊಟ್ಟು, "ಯಾರಿಗೂ ಇಂಗ್ಲಿಷ್ ಬರಲಿಲ್ಲ, ಎಷ್ಟು ಅಸಲಿ!" ಅಂತ ಖುಷಿಪಟ್ಟಿದ್ದರು. ಅವಳಿಗೆ ಹೆಚ್ಚು ಸಿಟ್ಟು ಬಂದದ್ದು ಈ ಐದು ಸ್ಟಾರಿಗೆ. ಕೌಂಟರಿನಲ್ಲಿ ನಿಲ್ಲುವ ಸೆನ್ಯೋರಾಗೆ, ಅಂದರೆ ಅಮ್ಮನವರಿಗೆ, ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಅವತ್ತು ಮಾತಾಡುವ ಮನಸ್ಸಿರಲಿಲ್ಲ ಅಷ್ಟೇ ಇರಬೇಕು.

ಅವಳ ವಾದ ಸರಳ. ಟೂಸಾನ್ 1854ರ ತನಕ ಮೆಕ್ಸಿಕೋದಲ್ಲಿತ್ತು. ಅಮೆರಿಕ ಒಂದು ಕೋಟಿ ಡಾಲರ್ ಕೊಟ್ಟು ಈ ಸೀಮೆಯನ್ನು ಕೊಂಡುಕೊಂಡಿತು. ದೇಶ ಬದಲಾಯಿತು, ಒಲೆ ಬದಲಾಗಲಿಲ್ಲ. ಗೋಧಿ ಸ್ಪೇನಿನವರಿಂದ ಬಂತು, ಮೆಣಸಿನಕಾಯಿ ಇಲ್ಲಿಯದೇ, ಚೀಸ್ ಕ್ರಿಸ್ಪ್ ಈ ಬದಿಯದು. ಸೊನೋರಾ ಹಾಟ್ ಡಾಗ್ ಅಂತ ಇದೆ: ಸಾಸೇಜಿಗೆ ಬೇಕನ್ ಸುತ್ತಿ ಸುಟ್ಟು, ಮೆತ್ತನೆಯ ಬನ್ನಿನಲ್ಲಿಟ್ಟು, ಮೇಲೆ ಹುರುಳಿ, ಟೊಮೇಟೊ, ಈರುಳ್ಳಿ, ಮಯೋನೀಸ್. ಅದು ಆ ದೇಶದ್ದೋ ಈ ದೇಶದ್ದೋ? ಈ ಊರಿನ ಎಲ್ ಗುವೆರೋ ಕನೇಲೋ ಎಂಬ ಹಾಟ್ ಡಾಗ್ ಅಂಗಡಿಗೆ 2018ರಲ್ಲಿ ಅಡುಗೆ ಲೋಕದ ದೊಡ್ಡ ಪ್ರಶಸ್ತಿಯಾದ ಜೇಮ್ಸ್ ಬಿಯರ್ಡ್ ಬಂತು, ಅದೂ ಅಮೆರಿಕದ ಹಳೆಯ ಹೆಮ್ಮೆಯ ಹೋಟೆಲುಗಳಿಗೆ ಕೊಡುವ ವಿಭಾಗದಲ್ಲಿ. ಅದಕ್ಕೂ ಮುಂಚೆ, 2015ರಲ್ಲಿ, ಯುನೆಸ್ಕೋ ಟೂಸಾನ್ ಅನ್ನು ಊಟದ ನಗರ ಎಂದು ಸಾರಿತು. ಅಮೆರಿಕದಲ್ಲಿ ಆ ಪಟ್ಟ ಮೊದಲು ಸಿಕ್ಕಿದ್ದು ಈ ಊರಿಗೇ. ಮರಿಸೋಲ್‌ಗೆ ಹೆಮ್ಮೆ ಇಲ್ಲ ಅಂತಲ್ಲ. "ನಮ್ಮಮ್ಮ ಮಾಡುವಾಗ ಬಡವರ ಊಟ, ಯುನೆಸ್ಕೋ ನೋಡಿದ ಮೇಲೆ ಪರಂಪರೆ" ಅನ್ನುತ್ತಾಳೆ, ನಗುತ್ತಲೇ.

ಹಾಗಾದರೆ ಒಂದು ಅಂಗಡಿಯನ್ನು ಅಳೆಯುವುದು ಹೇಗೆ? ಅವಳ ಅಳತೆ ಬೇರೆ. ಪಾಳಿ ಮುಗಿಸಿ ಬಂದವನಿಗೆ ಹತ್ತು ಡಾಲರಿನೊಳಗೆ ಹೊಟ್ಟೆ ತುಂಬುತ್ತದಾ? ಮಗು ಅತ್ತರೆ ಯಾರಾದರೂ ದುರುಗುಟ್ಟಿ ನೋಡುತ್ತಾರಾ? ಒಂದು ಕಾಫಿ ತೆಗೆದುಕೊಂಡು ಒಂದು ಗಂಟೆ ಕೂತರೆ ಎಬ್ಬಿಸುತ್ತಾರಾ? ಮೂರರಲ್ಲೂ ಈ ಅಂಗಡಿಗೆ ಪೂರ್ತಿ ಅಂಕ. ಇದಕ್ಕೆ ನನ್ನದೊಂದು ಸೇರಿಸುತ್ತೇನೆ: ಕೊಸರು ಸಿಗುತ್ತದಾ? ಸಿಗುತ್ತದೆ. ಡಜನ್ ಕೊಂಡರೆ ಒಮ್ಮೊಮ್ಮೆ ಹದಿಮೂರು ಇರುತ್ತವೆ.

ಒಳಗೆ ಕಾಲಿಡುವಾಗ ಒಂದು ರೀತಿ ಇದೆ. "ಬುವೆನೋಸ್ ದೀಯಾಸ್" (ಶುಭೋದಯ) ಅನ್ನಬೇಕು, ಒಬ್ಬರಿಗಲ್ಲ, ಇಡೀ ಅಂಗಡಿಗೆ. ಹೊರಡುವಾಗ ಊಟ ಮಾಡುತ್ತಿರುವ ಅಪರಿಚಿತರಿಗೂ "ಪ್ರೊವೆಚೋ" (ಚೆನ್ನಾಗಿ ಊಟ ಮಾಡಿ) ಅಂತ ಹೇಳಿ ಹೋಗಬೇಕು. ಹೇಳದೆ ಹೋದರೆ ಯಾರೂ ಬೈಯುವುದಿಲ್ಲ. ಆದರೆ ಹೇಳಿದ ದಿನ ಸೆನ್ಯೋರಾಳ ಮುಖವೇ ಬೇರೆ. ಕಾರಿಡಾರಿನಲ್ಲಿ "ಹೌ ಆರ್ ಯು" ಅಂತ ಕೇಳಿ ಉತ್ತರಕ್ಕೆ ಕಾಯದೆ ನಡೆದುಹೋಗುವವರ ಬಗ್ಗೆ ಮರಿಸೋಲ್ ಹೇಳುವ ಮಾತುಗಳನ್ನು ಇಲ್ಲಿ ಬರೆಯಲು ಆಗುವುದಿಲ್ಲ. ನಾನು ಅಷ್ಟು ಕಟುವಾಗಿಲ್ಲ. ಕೆಲವು ದಿನ ಉತ್ತರ ಕೊಡದೆ ತಪ್ಪಿಸಿಕೊಳ್ಳುವುದೇ ನನಗೆ ಅನುಕೂಲ.

ಸೆನ್ಯೋರಾ ಮರಿಸೋಲಳನ್ನು "ಮಿಹಾ", ಅಂದರೆ ಮಗಳೇ, ಅಂತ ಕರೆಯುತ್ತಾರೆ. ಪ್ರತಿ ಸಲ ಒಂದೇ ಪ್ರಶ್ನೆ: ಓದು ಮುಗಿಯಿತಾ ಮಿಹಾ? ಇದೊಂದೇ ಈ ಅಂಗಡಿಯ ನಿಜವಾದ ದೋಷ ಅನ್ನುತ್ತಾಳೆ ಮರಿಸೋಲ್. ಏನು ಓದುತ್ತೀಯಾ ಅಂತ ಕೇಳಿದರೆ ಇನ್ನೂ ಕಷ್ಟ. ಅಡುಗೆಮನೆಯ ಸ್ಪ್ಯಾನಿಷ್, ಜಗಳದ ಸ್ಪ್ಯಾನಿಷ್, ಅಜ್ಜಿಯ ಜೊತೆಗಿನ ಸ್ಪ್ಯಾನಿಷ್ ಎಲ್ಲ ನೀರು ಕುಡಿದಷ್ಟು ಸಲೀಸು. ಮಳೆ ನೀರು ಮರಳಿನಡಿ ಇಂಗುವ ಲೆಕ್ಕವನ್ನು ವಿವರಿಸಲು ಹೋದರೆ ಮಾತು ತಡವರಿಸುತ್ತದೆ, ಕೈ ಸನ್ನೆ ಶುರುವಾಗುತ್ತದೆ. "ನೀರು ಹುಡುಕುತ್ತೇನೆ" ಅಂತ ಹೇಳಿ ಮುಗಿಸುತ್ತಾಳೆ. ನಾನೂ ಮನೆಗೆ ಫೋನ್ ಮಾಡಿದಾಗ ಹೇಳುವುದು ಅದನ್ನೇ. ಇಬ್ಬರ ಮನೆಯವರೂ ನಾವು ಬೋರ್‌ವೆಲ್ ಕೊರೆಸುತ್ತೇವೆ ಅಂತ ನಂಬಿದ್ದಾರೆ.

ಸಿಹಿ ಬ್ರೆಡ್ಡಿನ ಕಪಾಟು ಬಾಗಿಲ ಪಕ್ಕದಲ್ಲಿದೆ. ತಟ್ಟೆ, ಇಕ್ಕಳ ತೆಗೆದುಕೊಂಡು ನಮಗೆ ಬೇಕಾದ್ದನ್ನು ನಾವೇ ಆರಿಸಿಕೊಳ್ಳಬೇಕು. ಚಿಪ್ಪಿನ ಗೆರೆಗಳಿರುವ ಕೊಂಚಾ ಎಲ್ಲರ ಕಣ್ಣಿಗೂ ಮೊದಲು ಬೀಳುತ್ತದೆ. ಫೋಟೋದಲ್ಲಿ ಚೆಂದ, ಬಾಯಲ್ಲಿ ಒಣಕಲು. ಕಾಫಿಯಲ್ಲಿ ಅದ್ದಿ ತಿನ್ನಬೇಕು ಅಂತ ಮರಿಸೋಲ್, ಅದ್ದಿದರೆ ಯಾವ ಬ್ರೆಡ್ಡೂ ಚೆನ್ನಾಗಿರುವುದಿಲ್ಲ ಅಂತ ನಾನು. ಹಂದಿಮರಿ ಆಕಾರದ ಕಂದು ಬಿಸ್ಕತ್ತಿನಂಥ ಪುವೆರ್ಕೀತೋದಲ್ಲಿ ಬೆಲ್ಲದ ವಾಸನೆ ಇದೆ, ಅದು ನನಗೆ ಇಷ್ಟ. ಕುಂಬಳಕಾಯಿ ಹೂರಣದ ಎಂಪನಾದಾ ಎಲ್ಲಕ್ಕಿಂತ ಮೇಲು. ಬ್ರೆಡ್ಡಿನಲ್ಲೂ ಮಾಂತೇಕಾ ಇರುತ್ತದೆ, ಕೇಳಿಕೊಂಡೇ ತಟ್ಟೆಗೆ ಹಾಕಿಕೊಳ್ಳಿ.

ಜನವರಿ 6ಕ್ಕೆ ಉಂಗುರದ ಆಕಾರದ ರೋಸ್ಕಾ ಬರುತ್ತದೆ. ಒಳಗೆ ಪುಟ್ಟ ಪ್ಲಾಸ್ಟಿಕ್ ಮಗು ಇಟ್ಟಿರುತ್ತಾರೆ. ಯಾರ ತುಂಡಿನಲ್ಲಿ ಅದು ಸಿಕ್ಕಿತೋ ಅವರು ಫೆಬ್ರವರಿ 2ಕ್ಕೆ ಎಲ್ಲರಿಗೂ ತಮಾಲೆ ಹಾಕಿಸಬೇಕು. ಮರಿಸೋಲಳ ಮನೆಯಲ್ಲಿ ಕತ್ತರಿಸುವ ಮುಂಚೆ ಅದನ್ನು ಎತ್ತಿ ಅಡಿಯಲ್ಲಿ ನೋಡಿಕೊಳ್ಳುವ ಸೋದರಮಾವ ಒಬ್ಬರಿದ್ದಾರಂತೆ. ನವೆಂಬರ್ 1, 2ಕ್ಕೆ ಸತ್ತವರ ನೆನಪಿನ ಬ್ರೆಡ್ ಬರುತ್ತದೆ, ಮೇಲೆ ಮೂಳೆಗಳ ಹಾಗೆ ಹಿಟ್ಟಿನ ಪಟ್ಟಿ. ಅದೇ ಹೊತ್ತಿಗೆ ಟೂಸಾನ್‌ನಲ್ಲಿ 1990ರಿಂದ ನಡೆದುಬಂದ ಆಲ್ ಸೋಲ್ಸ್ ಮೆರವಣಿಗೆ ಇರುತ್ತದೆ. ತೀರಿಕೊಂಡವರ ಫೋಟೋ ಹಿಡಿದು ಸಾವಿರಾರು ಜನ ನಡೆಯುತ್ತಾರೆ. ಅವಳೂ ಹೋಗುತ್ತಾಳೆ. ಮುಖಕ್ಕೆ ತಲೆಬುರುಡೆ ಬಣ್ಣ ಬಳಿದುಕೊಂಡು ಸೆಲ್ಫಿ ತೆಗೆಯುವವರನ್ನು ಕಂಡರೆ ಆಗುವುದಿಲ್ಲ, ತಾತನ ಫೋಟೋ ಹಿಡಿದು ಅಳುವ ಅಪರಿಚಿತರನ್ನು ಕಂಡರೆ ತಾನೂ ಅಳುತ್ತಾಳೆ. ಎರಡೂ ಒಂದೇ ಬೀದಿಯಲ್ಲಿ ಇರುತ್ತವೆ, ಏನು ಮಾಡುವುದು. ಮೇ 5ರ ವಿಷಯದಲ್ಲಿ ಮಾತ್ರ ಅವಳಿಗೆ ಇಬ್ಬಗೆ ಇಲ್ಲ. ಅದು 1862ರಲ್ಲಿ ಪುವೆಬ್ಲಾದಲ್ಲಿ ಮೆಕ್ಸಿಕೋದವರು ಫ್ರೆಂಚರನ್ನು ಸೋಲಿಸಿದ ದಿನ. ಮೆಕ್ಸಿಕೋದ ಸ್ವಾತಂತ್ರ್ಯದ ದಿನ ಸೆಪ್ಟೆಂಬರ್ 16. ಮೇ 5ರಂದು ಹುಲ್ಲಿನ ಟೋಪಿ ಹಾಕಿಕೊಂಡು "ಹ್ಯಾಪಿ ಇಂಡಿಪೆಂಡೆನ್ಸ್" ಅನ್ನುವವರಿಗೆ ಅವಳು ಉತ್ತರ ಕೊಡುವುದನ್ನೂ ಬಿಟ್ಟಿದ್ದಾಳೆ. ಈ ಅಂಗಡಿಯಲ್ಲಿ ಮೇ 5 ಸುಮ್ನೆ ಇನ್ನೊಂದು ದಿನ, ಟೋಪಿಯೂ ಇಲ್ಲ, ಆಫರ್ ಕೂಡ ಇಲ್ಲ.

ಕುಡಿಯಲು ಹಾಮೈಕಾ ತೆಗೆದುಕೊಳ್ಳಿ. ಕಡುಗೆಂಪು, ಹುಳಿ, ತಣ್ಣಗೆ. ಪುಂಡಿಪಲ್ಯ ತಿಂದು ಬೆಳೆದವರಿಗೆ ಆ ಹುಳಿ ಹೊಸದಲ್ಲ, ಅದೇ ಗಿಡ. ಇಲ್ಲಿ ಎಲೆ ಬಿಟ್ಟು ಹೂವಿನ ಬುಡದ ಕೆಂಪು ದಳಗಳನ್ನು ಒಣಗಿಸಿ ಕುದಿಸುತ್ತಾರೆ. ಅಕ್ಕಿ, ದಾಲ್ಚಿನ್ನಿಯ ಓರ್ಚಾತಾ ಕೂಡ ಇದೆ. ಈ ಅಂಗಡಿಯಲ್ಲಿ ಅದಕ್ಕೆ ಸಕ್ಕರೆ ಎಷ್ಟು ಸುರಿಯುತ್ತಾರೆ ಅಂದರೆ ಅರ್ಧ ಲೋಟಕ್ಕೆ ಸಾಕಾಗುತ್ತದೆ. ಐಸ್ ಕರಗಲಿ ಅಂತ ಕಾದು ಕುಡಿಯುವುದು ಮರಿಸೋಲಳ ಉಪಾಯ.

ಕೊರತೆಗಳು ಇವೆ. ಕಾರ್ಡ್ ನಡೆಯುವುದಿಲ್ಲ, ನಗದು ಮಾತ್ರ. ಮೂಲೆಯಲ್ಲಿರುವ ಎಟಿಎಂ ಹಣ ತೆಗೆಯಲು ಶುಲ್ಕ ಹಿಡಿಯುತ್ತದೆ, ಅದು ಒಂದು ಬ್ರೆಡ್ಡಿಗಿಂತ ದುಬಾರಿ. ಹಸಿರು ಸಾಲ್ಸಾದ ಖಾರ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುವುದಿಲ್ಲ. ಏಸಿ ಇಲ್ಲ, ಒದ್ದೆ ಪರದೆಯ ಮೇಲೆ ಗಾಳಿ ಹಾಯಿಸುವ ಕೂಲರ್ ಇದೆ. ಜೂನ್‌ನ ಒಣ ಬಿಸಿಲಿನಲ್ಲಿ, ಹೊರಗೆ ನಲವತ್ತು ಡಿಗ್ರಿ ದಾಟಿದಾಗಲೂ, ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಜುಲೈಯಲ್ಲಿ ಮಳೆಗಾಲ ಶುರುವಾಗಿ ಗಾಳಿಯಲ್ಲಿ ತೇವ ಏರಿತೋ, ಕೂಲರ್ ಇದ್ದೂ ಇಲ್ಲದ ಹಾಗೆ. ಆಗ ಕೂರಬೇಡಿ, ಪಾರ್ಸಲ್ ತನ್ನಿ. ವಾರಾಂತ್ಯದ ಬೆಳಿಗ್ಗೆ ಮೆನೂದೋ ಇರುತ್ತದೆ, ಹಸುವಿನ ಹೊಟ್ಟೆಯ ಭಾಗದಿಂದ ಮಾಡುವ ಸಾರು. ರಾತ್ರಿಯ ನಶೆ ಇಳಿಸಲು ಅದಕ್ಕಿಂತ ಮದ್ದಿಲ್ಲ ಅಂತ ಅದಕ್ಕೆ ದೊಡ್ಡ ಸಾಲು. ವಾಸನೆ ತಡೆಯದವರು ವಾರದ ನಡುವೆ ಹೋಗುವುದು ಒಳ್ಳೆಯದು.

ಮುಚ್ಚುವ ಹೊತ್ತು ಬಾಗಿಲ ಮೇಲೆ ಬರೆದಿದೆ, ನಂಬಬೇಡಿ. ಟೋರ್ಟಿಯಾ ಮುಗಿದಾಗ ಮುಚ್ಚುತ್ತಾರೆ. ಸೊಬಾಕೇರಾ ಬೇಕಿದ್ದರೆ ಹತ್ತು ಗಂಟೆಯೊಳಗೆ ಹೋಗಿ. ಬೇಸಿಗೆಯಲ್ಲಿ ಎಳೆ ಮೆಕ್ಕೆಜೋಳ, ಚೀಸ್, ಹಸಿರು ಮೆಣಸಿನಕಾಯಿಯ ತಮಾಲೆ ಬರುತ್ತದೆ. ಮಾಂತೇಕಾ ಬೇಡ ಅಂತ ಒಂದೆರಡು ದಿನ ಮುಂಚೆ ಹೇಳಿದರೆ ಬೇರೆಯಾಗಿ ಮಾಡಿಕೊಡುತ್ತಾರೆ, ಆದರೆ ಡಜನ್‌ಗಿಂತ ಕಡಿಮೆಗೆ ಒಪ್ಪುವುದಿಲ್ಲ. ಡಿಸೆಂಬರಿನ ತಮಾಲೆಗೆ ನವೆಂಬರಿನಲ್ಲೇ ಹೆಸರು ಬರೆಸಬೇಕು. ಕ್ರಿಸ್‌ಮಸ್ ಹಿಂದಿನ ದಿನ ಹೋಗಿ ನಿಂತರೆ ಸೆನ್ಯೋರಾ ಪಟ್ಟಿ ನೋಡುತ್ತಾರೆ, ನಿಮ್ಮ ಹೆಸರು ಇಲ್ಲದಿದ್ದರೆ ಮಿಹಾ ಅಂದರೂ ಕೊಡುವುದಿಲ್ಲ.